ಬೆಟ್ಟ ಯಾರದು? ನಿಯಮಗಿರಿಯ ಹನ್ನೆರಡು ಸಭೆಗಳು

ಭೂವಿಜ್ಞಾನದ ಪುಸ್ತಕಗಳಲ್ಲಿ ‘ಖೊಂಡಲೈಟ್’ ಎಂಬ ಶಿಲೆಯ ಹೆಸರು ಬರುತ್ತದೆ. ಆಂಧ್ರದಿಂದ ಒಡಿಶಾದವರೆಗೆ ಪೂರ್ವಘಟ್ಟಗಳಲ್ಲಿ ಹರಡಿರುವ ಬಹು ಪುರಾತನ ಶಿಲೆ ಇದು. ಕೋನಾರ್ಕದ ಸೂರ್ಯ ದೇವಾಲಯವನ್ನು ಕಟ್ಟಿರುವುದು ಹೆಚ್ಚಾಗಿ ಇದೇ ಕಲ್ಲಿನಿಂದ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ವಾಕರ್ ಎಂಬ ವಿಜ್ಞಾನಿ ಆಗಿನ ಕಾಳಹಂಡಿ ಸಂಸ್ಥಾನದ ಬೆಟ್ಟಗಳನ್ನು ಅಧ್ಯಯನ ಮಾಡಿ, 1902ರಲ್ಲಿ ಅದನ್ನು ಈ ಹೆಸರಿನಿಂದ ವರ್ಣಿಸಿದರು. ಆ ಬೆಟ್ಟಗಳಲ್ಲಿ ವಾಸಿಸುವ ಖೊಂಡ ಅಥವಾ ಕೊಂಧ ಬುಡಕಟ್ಟಿನ ಹೆಸರನ್ನೇ ಕಲ್ಲಿಗೂ ಇಟ್ಟದ್ದು.

ಹೀಗೆ ಕೊಂಧರ ಹೆಸರು ಕಲ್ಲಿಗೆ ಬಂತು. ಆದರೆ ಆ ಕಲ್ಲಿನ ಬೆಟ್ಟದ ಬಗ್ಗೆ ಮಾತನಾಡುವ ಹಕ್ಕು ಕೊಂಧರಿಗೆ ಇದೆಯೇ? ಈ ಪ್ರಶ್ನೆಗೆ ಅಧಿಕೃತವಾಗಿ ಉತ್ತರ ಸಿಗಲು ಮತ್ತೆ 111 ವರ್ಷಗಳು ಹಿಡಿದವು. 2013ರ ಮಳೆಗಾಲದಲ್ಲಿ ಒಡಿಶಾದ ನಿಯಮಗಿರಿ ಬೆಟ್ಟಸಾಲಿನ ಹನ್ನೆರಡು ಹಳ್ಳಿಗಳ ಜನ ಒಂದೊಂದಾಗಿ ಸಭೆ ಸೇರಿದರು. ತಮ್ಮ ಬೆಟ್ಟದ ಮೇಲೆ ಗಣಿಗಾರಿಕೆ ಬೇಕೋ ಬೇಡವೋ ಎಂಬುದನ್ನು ನ್ಯಾಯಾಧೀಶರ ಸಮ್ಮುಖದಲ್ಲಿ ಹೇಳಿದರು. ಅಕ್ಷರಸ್ಥರು ಬಹಳ ಕಡಿಮೆಯಿದ್ದ ಆ ಹಳ್ಳಿಗಳ ಮಾತಿಗೆ ಸಾವಿರಾರು ಕೋಟಿ ರೂಪಾಯಿಗಳ ಉದ್ಯಮ ಕಾಯಬೇಕಾಯಿತು.

ನಿಯಮ ಕೊಟ್ಟ ರಾಜ

ನಿಯಮಗಿರಿ ಬೆಟ್ಟಸಾಲು ಒಡಿಶಾದ ದಕ್ಷಿಣ ಭಾಗದಲ್ಲಿ ರಾಯಗಡ ಮತ್ತು ಕಾಳಹಂಡಿ ಜಿಲ್ಲೆಗಳಿಗೆ ಸೇರಿದೆ. ಇಲ್ಲಿ ವಾಸಿಸುವ ಡೊಂಗ್ರಿಯಾ ಕೊಂಧರ ಸಂಖ್ಯೆ ಎಂಟು ಸಾವಿರದ ಆಸುಪಾಸು. ‘ಡೊಂಗರ’ ಎಂದರೆ ಬೆಟ್ಟ. ಡೊಂಗ್ರಿಯಾ ಎಂದರೆ ಬೆಟ್ಟದವರು. ಸರ್ಕಾರ ಇವರನ್ನು ವಿಶೇಷವಾಗಿ ದುರ್ಬಲವಾದ ಬುಡಕಟ್ಟುಗಳ ಪಟ್ಟಿಯಲ್ಲಿ ಸೇರಿಸಿದೆ. ಇವರು ಆಡುವ ಕುವಿ ಭಾಷೆ ನಮ್ಮ ಕನ್ನಡದಂತೆಯೇ ದ್ರಾವಿಡ ವರ್ಗಕ್ಕೆ ಸೇರಿದ್ದು. ಹಾಗೆ ನೋಡಿದರೆ ಅವರು ಭಾಷೆಯ ಲೆಕ್ಕದಲ್ಲಿ ನಮಗೆ ದೂರದ ದಾಯಾದಿಗಳು.

‘ಬುಡಕಟ್ಟಿನವರು’ ಎಂದೊಡನೆ ಬೇಟೆಯಾಡಿ, ಗೆಡ್ಡೆ ಅಗೆದು ತಿನ್ನುವವರ ಚಿತ್ರ ನಮ್ಮ ಕಣ್ಣ ಮುಂದೆ ಬರುತ್ತದೆ. ಆದರೆ ಡೊಂಗ್ರಿಯಾಗಳು ನುರಿತ ತೋಟಗಾರರು. ಇಳಿಜಾರಿನಲ್ಲಿ ಅನಾನಸು, ಬಾಳೆ, ಕಿತ್ತಳೆ, ಹಲಸು, ಅರಿಸಿನ, ಶುಂಠಿ ಬೆಳೆಯುತ್ತಾರೆ. ರಾಗಿ, ಸಾಮೆಗಳಂಥ ಕಿರುಧಾನ್ಯಗಳನ್ನು ಬೇಳೆಕಾಳುಗಳ ಜೊತೆ ಬೆರೆಸಿ ಬಿತ್ತುತ್ತಾರೆ. ವಾರಕ್ಕೊಮ್ಮೆ ಹಣ್ಣು, ಅರಿಸಿನಗಳನ್ನು ಹೊತ್ತು ತಪ್ಪಲಿನ ಸಂತೆಗೆ ಇಳಿಯುತ್ತಾರೆ. ಉಪ್ಪು, ಬಟ್ಟೆ, ಪಾತ್ರೆ ಕೊಂಡು ಮರಳುತ್ತಾರೆ. ಹೆಂಗಸರು ಕಸೂತಿ ಹಾಕುವ ‘ಕಪಡಾಗಂಡಾ’ ಎಂಬ ಶಾಲಿನಲ್ಲಿ ಸಾಲು ಸಾಲು ತ್ರಿಕೋನಗಳಿರುತ್ತವೆ. ಅವು ಬೆಟ್ಟಗಳ ಗುರುತು. ಈ ಶಾಲಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆಯಿತು.

ಇವರ ದೈವ ನಿಯಮರಾಜ. ಹೆಸರೇ ಹೇಳುವಂತೆ, ನಿಯಮ ಕೊಟ್ಟ ರಾಜ. ಬೆಟ್ಟದ ನೆತ್ತಿಯ ಮರಗಳನ್ನು ಕಡಿಯಬಾರದು ಎಂಬುದು ಅವನ ಕಟ್ಟಳೆಗಳಲ್ಲಿ ಮುಖ್ಯವಾದದ್ದು. ಅವನಿಗೆ ಗೋಪುರವಿಲ್ಲ, ಗರ್ಭಗುಡಿಯಿಲ್ಲ. ಬೆಟ್ಟವೇ ಅವನ ಗುಡಿ.

ಬೆಟ್ಟದ ತಲೆಯ ಮೇಲಿನ ಟೊಪ್ಪಿಗೆ

ಗಣಿ ಉದ್ಯಮದ ಕಣ್ಣಿಗೆ ಬಿದ್ದದ್ದೂ ಇದೇ ನೆತ್ತಿ. ಖೊಂಡಲೈಟ್ ಶಿಲೆ ಬಿಸಿಲು ಮಳೆಗಳಿಗೆ ಮೈಯೊಡ್ಡಿ ಯುಗಯುಗಗಳ ಕಾಲ ನಿಂತರೆ ಏನಾಗುತ್ತದೆ? ಮಳೆನೀರು ಅದರಲ್ಲಿರುವ ಸಿಲಿಕಾ, ಸೋಡಿಯಂ, ಪೊಟ್ಯಾಸಿಯಂಗಳನ್ನು ನಿಧಾನವಾಗಿ ಕರಗಿಸಿ ಒಯ್ಯುತ್ತದೆ. ಸುಲಭವಾಗಿ ಕರಗದ ಅಲ್ಯುಮಿನಿಯಂ ಮತ್ತು ಕಬ್ಬಿಣದ ಆಕ್ಸೈಡುಗಳು ಅಲ್ಲೇ ಉಳಿಯುತ್ತವೆ. ಕಬ್ಬಿಣ ಹೆಚ್ಚಾಗಿ ಉಳಿದರೆ ಲ್ಯಾಟರೈಟ್, ಅಲ್ಯುಮಿನಿಯಂ ಹೆಚ್ಚಾಗಿ ಉಳಿದರೆ ಬಾಕ್ಸೈಟ್. ನೀರು ಸರಾಗವಾಗಿ ಇಂಗುವ ಚಪ್ಪಟೆ ನೆತ್ತಿಗಳಲ್ಲಿ ಈ ಕ್ರಿಯೆ ಚೆನ್ನಾಗಿ ನಡೆಯುತ್ತದೆ. ಆದ್ದರಿಂದಲೇ ಪೂರ್ವಘಟ್ಟದ ಅನೇಕ ಬೆಟ್ಟಗಳ ತಲೆಯ ಮೇಲೆ ಬಾಕ್ಸೈಟಿನ ಟೊಪ್ಪಿಗೆ ಇಟ್ಟಂತಿದೆ.

ಲ್ಯಾಟರೈಟ್ ನಮಗೆ ಹೊಸದಲ್ಲ. ಕರಾವಳಿಯಲ್ಲಿ ಮನೆ ಕಟ್ಟುವ ಮುರಕಲ್ಲು, ಅಂದರೆ ಜಂಬಿಟ್ಟಿಗೆ, ಇದೇ. ಇದರ ಮೈ ತುಂಬ ಸಣ್ಣ ಸಣ್ಣ ತೂತುಗಳು. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ರೈತರು ಮುರಕಲ್ಲಿನ ಗುಡ್ಡಗಳಿಗೆ ಅಡ್ಡಲಾಗಿ ‘ಸುರಂಗ’ ಕೊರೆದು, ಪಂಪು ವಿದ್ಯುತ್ತುಗಳ ಹಂಗಿಲ್ಲದೆ ತೋಟಕ್ಕೆ ನೀರು ಇಳಿಸಿಕೊಳ್ಳುವುದನ್ನು ಅನೇಕರು ನೋಡಿರಬಹುದು. ಮಳೆಗಾಲದಲ್ಲಿ ಗುಡ್ಡ ಕುಡಿದ ನೀರು ಬೇಸಿಗೆಯಲ್ಲಿ ಹನಿ ಹನಿಯಾಗಿ ಹೊರಬರುತ್ತದೆ. ಬಾಕ್ಸೈಟಿನ ಟೊಪ್ಪಿಗೆಯೂ ಹೀಗೆಯೇ ಕೆಲಸ ಮಾಡುತ್ತದೆ ಎಂಬುದು ನಿಯಮಗಿರಿಯ ಜನರ ಅನುಭವ. ಆ ಬೆಟ್ಟಸಾಲಿನ ಹಲವು ತೊರೆಗಳು ಬೇಸಿಗೆಯಲ್ಲೂ ಹರಿಯುತ್ತವೆ. ಒಡಿಶಾ ಮತ್ತು ಆಂಧ್ರದ ಹೊಲಗಳಿಗೆ ನೀರುಣಿಸುವ ವಂಶಧಾರಾ ನದಿಗೆ ನೀರು ಕೂಡುವುದು ಈ ಸೀಮೆಯಿಂದ.

ಟೊಪ್ಪಿಗೆ ತೆಗೆದರೆ ತೊರೆ ಬತ್ತುತ್ತದೆಯೇ? ಈ ವಿಷಯದಲ್ಲಿ ತಜ್ಞರಲ್ಲಿ ಒಮ್ಮತ ಇರಲಿಲ್ಲ. ಗಣಿ ಯೋಜನಾ ಸಂಸ್ಥೆಯೊಂದರ ವರದಿ, ಅಗೆತದಿಂದ ಕಲ್ಲಿನಲ್ಲಿ ಸೂಕ್ಷ್ಮ ಬಿರುಕುಗಳಾಗಿ ನೀರು ಇನ್ನೂ ಚೆನ್ನಾಗಿ ಇಂಗುತ್ತದೆ ಎಂದಿತು. ದೆಹರಾದೂನಿನ ಭಾರತೀಯ ವನ್ಯಜೀವಿ ಸಂಸ್ಥೆಯ ಅಧ್ಯಯನ, ಗಣಿಗಾರಿಕೆಯಿಂದ ನೀರಿಗೂ ಕಾಡಿಗೂ ಹಾನಿಯಿದೆ ಎಂದು ಎಚ್ಚರಿಸಿತು. ಇಲ್ಲಿ ಒಂದು ಸಂಗತಿ ನೆನಪಿಡಬೇಕು. ಪ್ರಯೋಗಶಾಲೆಯಲ್ಲಿ ತಪ್ಪಾದರೆ ಪ್ರಯೋಗವನ್ನು ಮತ್ತೆ ಮಾಡಬಹುದು. ಕೋಟ್ಯಂತರ ವರ್ಷಗಳಲ್ಲಿ ಆದ ಟೊಪ್ಪಿಗೆಯನ್ನು ಒಮ್ಮೆ ತೆಗೆದರೆ ಮತ್ತೆ ಹಾಕಲು ಬರುವುದಿಲ್ಲ.

ಒಂದು ಸರಳ ಲೆಕ್ಕ

ನಿಯಮಗಿರಿಯ ನೆತ್ತಿಯಲ್ಲಿ ಸುಮಾರು 7 ಕೋಟಿ 20 ಲಕ್ಷ ಟನ್ ಬಾಕ್ಸೈಟ್ ಇದೆಯೆಂದು ಅಂದಾಜು. ಅದನ್ನು ತೆಗೆಯಲು ಗೊತ್ತುಮಾಡಿದ ಪ್ರದೇಶ 660 ಹೆಕ್ಟೇರಿಗೂ ಹೆಚ್ಚು, ಅಂದರೆ 1600 ಎಕರೆಗೂ ಮೀರಿದ್ದು. ರಾಜ್ಯ ಸರ್ಕಾರದ ಒಡಿಶಾ ಗಣಿ ನಿಗಮ ಅದಿರು ತೆಗೆದು ಕೊಡುವುದು, ಬೆಟ್ಟದ ಬುಡದ ಲಾಂಜಿಗಡದಲ್ಲಿ ವೇದಾಂತ ಕಂಪನಿ ಅದನ್ನು ಸಂಸ್ಕರಿಸುವುದು – ಇದು ಯೋಜನೆ. ಸಂಸ್ಕರಣಾಗಾರದ ಆರಂಭದ ಸಾಮರ್ಥ್ಯ ವರ್ಷಕ್ಕೆ 10 ಲಕ್ಷ ಟನ್ ಅಲ್ಯುಮಿನಾ. ಅದಕ್ಕೆ ಬೇಕಾದ ಬಾಕ್ಸೈಟ್ ಸುಮಾರು 30 ಲಕ್ಷ ಟನ್.

ಈಗ ವಿದ್ಯಾರ್ಥಿಗಳು ಒಂದು ಭಾಗಾಕಾರ ಮಾಡಿ ನೋಡಲಿ. 7 ಕೋಟಿ 20 ಲಕ್ಷವನ್ನು 30 ಲಕ್ಷದಿಂದ ಭಾಗಿಸಿದರೆ 24 ವರ್ಷ. ಕಂಪನಿ ಮುಂದೆ ಸಾಮರ್ಥ್ಯವನ್ನು ಆರು ಪಟ್ಟು ಹೆಚ್ಚಿಸುವ ಪ್ರಸ್ತಾವವಿಟ್ಟಿತು. ಆಗ ಈ ಬೆಟ್ಟದ ಅದಿರು ಸಾಕಾಗುವುದು ಬರೀ ನಾಲ್ಕು ವರ್ಷಕ್ಕೆ. ಹುಟ್ಟಿದ ಮಗು ಶಾಲೆಗೆ ಸೇರುವ ಮೊದಲೇ ಗಣಿ ಮುಗಿದಿರುತ್ತದೆ. ಆಮೇಲೆ ಉಳಿಯುವುದು ನೆತ್ತಿಯಿಲ್ಲದ ಬೆಟ್ಟ.

ಬಾಕ್ಸೈಟಿನಿಂದ ಲೋಹದವರೆಗಿನ ದಾರಿಯೂ ಸಣ್ಣದಲ್ಲ. ಅದಿರನ್ನು ಪುಡಿ ಮಾಡಿ ಬಿಸಿ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕರಗಿಸಿ ಅಲ್ಯುಮಿನಾ ಪಡೆಯುತ್ತಾರೆ. ಒಂದು ಟನ್ ಅಲ್ಯುಮಿನಾದ ಹಿಂದೆ ಸುಮಾರು ಒಂದರಿಂದ ಒಂದೂವರೆ ಟನ್ ಕೆಂಪು ಕೆಸರು ಉಳಿಯುತ್ತದೆ. ಕ್ಷಾರ ತುಂಬಿದ ಈ ಕೆಸರನ್ನು ದೊಡ್ಡ ಕೊಳಗಳಲ್ಲಿ ಕಾಪಾಡಬೇಕು. ಎರಡು ಟನ್ ಅಲ್ಯುಮಿನಾಕ್ಕೆ ವಿದ್ಯುತ್ ಹಾಯಿಸಿದರೆ ಒಂದು ಟನ್ ಅಲ್ಯುಮಿನಿಯಂ ಸಿಗುತ್ತದೆ. ಅದಕ್ಕೆ ಸುಮಾರು 14,000 ಯೂನಿಟ್ ವಿದ್ಯುತ್ ಬೇಕು. ತಿಂಗಳಿಗೆ 100 ಯೂನಿಟ್ ಬಳಸುವ ಮನೆಗೆ ಇಷ್ಟು ವಿದ್ಯುತ್ 11 ವರ್ಷಕ್ಕೂ ಹೆಚ್ಚು ಕಾಲ ಸಾಕು.

ಬೆಟ್ಟದಿಂದ ಕೋರ್ಟಿಗೆ

ಲಾಂಜಿಗಡದ ಸಂಸ್ಕರಣಾಗಾರಕ್ಕೆ 2003ರಲ್ಲಿ ರಾಜ್ಯ ಸರ್ಕಾರದೊಡನೆ ಒಪ್ಪಂದವಾಯಿತು. ಬೆಟ್ಟ ಅಗೆಯಲು ಅನುಮತಿ ಸಿಗುವ ಮೊದಲೇ ಬುಡದಲ್ಲಿ ಕಾರ್ಖಾನೆ ಎದ್ದು ನಿಂತಿತು. ಅದಕ್ಕಾಗಿ ತಪ್ಪಲಿನ ಕೊಂಧ ಕುಟುಂಬಗಳು ಜಾಗ ಬಿಟ್ಟುಕೊಟ್ಟು ಹೊಸ ಕಾಲನಿಗೆ ಹೋಗಬೇಕಾಯಿತು. ಸುಪ್ರೀಂ ಕೋರ್ಟ್ ನೇಮಿಸಿದ್ದ ಕೇಂದ್ರೀಯ ಉನ್ನತಾಧಿಕಾರ ಸಮಿತಿ 2005ರಲ್ಲಿಯೇ ಇದಕ್ಕೆ ಆಕ್ಷೇಪ ಎತ್ತಿತು. ಆದರೂ 2008ರ ಆಗಸ್ಟಿನಲ್ಲಿ ಕೋರ್ಟು ಷರತ್ತುಗಳೊಡನೆ ಯೋಜನೆಗೆ ಹಸಿರು ನಿಶಾನೆ ತೋರಿತು.

ಬೆಟ್ಟದವರು ಸುಮ್ಮನಿರಲಿಲ್ಲ. ಲಾದೋ ಸಿಕಾಕಾ ಮೊದಲಾದವರ ಮುಂದಾಳುತನದಲ್ಲಿ ನಿಯಮಗಿರಿ ಸುರಕ್ಷಾ ಸಮಿತಿ ಹಳ್ಳಿ ಹಳ್ಳಿಯಲ್ಲಿ ಸಭೆ ನಡೆಸಿತು. ರಸ್ತೆ ತಡೆ, ಮೆರವಣಿಗೆ, ಬಂಧನ ಎಲ್ಲ ಆದವು. 2009ರಲ್ಲಿ ಸಾವಿರಾರು ಜನ ಬೆಟ್ಟದ ಸುತ್ತ ಮಾನವ ಸರಪಳಿ ರಚಿಸಿದರು. ಸುದ್ದಿ ಹೊರದೇಶಗಳಿಗೂ ಹೋಯಿತು. ನಾರ್ವೆಯ ಸರ್ಕಾರಿ ಪಿಂಚಣಿ ನಿಧಿ 2007ರಲ್ಲಿ, ಇಂಗ್ಲೆಂಡಿನ ಚರ್ಚ್ 2010ರಲ್ಲಿ ಕಂಪನಿಯಲ್ಲಿ ತೊಡಗಿಸಿದ್ದ ಹಣವನ್ನು ಹಿಂತೆಗೆದುಕೊಂಡವು.

ಆ ಹೊತ್ತಿಗೆ ದೇಶದಲ್ಲಿ ಒಂದು ಹೊಸ ಕಾನೂನು ಬಂದಿತ್ತು. ಅದೇ 2006ರ ಅರಣ್ಯ ಹಕ್ಕು ಕಾಯಿದೆ. ಬ್ರಿಟಿಷರ ಕಾಲದ ಅರಣ್ಯ ಕಾನೂನುಗಳು ಕಾಡನ್ನು ಸರ್ಕಾರದ ಸ್ವತ್ತು ಮಾಡಿ, ಕಾಡಿನಲ್ಲೇ ಹುಟ್ಟಿ ಬೆಳೆದವರನ್ನು ಒತ್ತುವರಿದಾರರಂತೆ ಕಂಡವು. ಇದೊಂದು ‘ಐತಿಹಾಸಿಕ ಅನ್ಯಾಯ’ ಎಂದು ಹೊಸ ಕಾಯಿದೆ ಪೀಠಿಕೆಯಲ್ಲೇ ಒಪ್ಪಿಕೊಂಡಿತು. ಉಳುವ ಭೂಮಿಯ ಹಕ್ಕಿನ ಜೊತೆಗೆ, ಇಡೀ ಊರು ಒಟ್ಟಾಗಿ ಬಳಸಿ ಕಾಪಾಡುವ ಕಾಡಿನ ಮೇಲೂ ಹಕ್ಕು ಕೊಟ್ಟಿತು. ಆ ಹಕ್ಕನ್ನು ಗುರುತಿಸುವ ಕೆಲಸ ಗ್ರಾಮಸಭೆಯಿಂದ ಆರಂಭವಾಗಬೇಕು ಎಂದಿತು. ಇದಕ್ಕೆ ಹತ್ತು ವರ್ಷ ಮೊದಲು, 1996ರಲ್ಲಿ, ಬುಡಕಟ್ಟು ಪ್ರದೇಶಗಳ ಗ್ರಾಮಸಭೆಗಳಿಗೆ ತಮ್ಮ ಸಂಪನ್ಮೂಲ ಮತ್ತು ಸಂಪ್ರದಾಯಗಳನ್ನು ಕಾಪಾಡುವ ಅಧಿಕಾರ ಕೊಟ್ಟ ‘ಪೆಸಾ’ ಕಾಯಿದೆಯೂ ಜಾರಿಯಾಗಿತ್ತು.

ಕೇಂದ್ರ ಪರಿಸರ ಸಚಿವಾಲಯ ನೇಮಿಸಿದ ಎನ್. ಸಿ. ಸಕ್ಸೇನಾ ನೇತೃತ್ವದ ಸಮಿತಿ 2010ರ ಆಗಸ್ಟಿನಲ್ಲಿ ವರದಿ ಕೊಟ್ಟಿತು. ಅರಣ್ಯ ಹಕ್ಕು ಕಾಯಿದೆಯ ಪಾಲನೆ ಆಗಿಲ್ಲ, ಬೆಟ್ಟ ಅಗೆದರೆ ಡೊಂಗ್ರಿಯಾಗಳ ಬದುಕೇ ಕುಸಿಯುತ್ತದೆ ಎಂಬುದು ವರದಿಯ ಸಾರ. ನಿಯಮ ಮೀರಿದ ಆರೋಪಗಳನ್ನು ಕಂಪನಿ ನಿರಾಕರಿಸಿತು. ಆಗಸ್ಟ್ 24ರಂದು ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಗಣಿಗೆ ಅರಣ್ಯ ಅನುಮತಿ ನಿರಾಕರಿಸಿದರು. ಒಡಿಶಾ ಗಣಿ ನಿಗಮ ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿತು.

‘ಊರವರನ್ನು ಕೇಳಿ’

2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಗಣಿ ಸರಿಯೋ ತಪ್ಪೋ ಎಂದು ಕೋರ್ಟು ತಾನೇ ಹೇಳಲಿಲ್ಲ. ಬದಲಾಗಿ, ಊರವರನ್ನು ಕೇಳಿ ಎಂದಿತು. ನಿಯಮರಾಜನನ್ನು ಪೂಜಿಸುವ ಹಕ್ಕಿಗೆ ಗಣಿಯಿಂದ ಧಕ್ಕೆಯಾಗುತ್ತದೆಯೇ, ಅರಣ್ಯದ ಮೇಲೆ ಸಮುದಾಯಕ್ಕಿರುವ ಹಕ್ಕುಗಳು ಯಾವುವು ಎಂಬುದನ್ನು ಗ್ರಾಮಸಭೆಗಳು ಪರಿಶೀಲಿಸಿ ಮೂರು ತಿಂಗಳೊಳಗೆ ತಿಳಿಸಬೇಕು. ಹೊರಗಿನವರ ಒತ್ತಡ ಇಲ್ಲದಂತೆ ಜಿಲ್ಲಾ ನ್ಯಾಯಾಧೀಶರ ದರ್ಜೆಯ ಅಧಿಕಾರಿ ವೀಕ್ಷಕರಾಗಿರಬೇಕು ಎಂದು ಆದೇಶಿಸಿತು.

ಬೆಟ್ಟದ ಸುತ್ತ ನೂರಕ್ಕೂ ಹೆಚ್ಚು ಹಳ್ಳಿಗಳಿವೆ. ರಾಜ್ಯ ಸರ್ಕಾರ ಆರಿಸಿದ್ದು ಹನ್ನೆರಡನ್ನು ಮಾತ್ರ. ರಾಯಗಡ ಜಿಲ್ಲೆಯ ಏಳು, ಕಾಳಹಂಡಿಯ ಐದು. ಕೇಂದ್ರದ ಬುಡಕಟ್ಟು ವ್ಯವಹಾರಗಳ ಸಚಿವಾಲಯವೂ ಇದಕ್ಕೆ ಆಕ್ಷೇಪಿಸಿತು. ಹಳ್ಳಿಗರಿಗೂ ಸಮಾಧಾನವಿರಲಿಲ್ಲ. ಆದರೂ ಸಭೆಗಳು ನಡೆದವು. ಮೊದಲನೆಯದು ಜುಲೈ 18ರಂದು ಸೆರ್ಕಪಾಡಿಯಲ್ಲಿ, ಕೊನೆಯದು ಆಗಸ್ಟ್ 19ರಂದು ಜರಪಾದಲ್ಲಿ.

ಎಂಥ ಸಭೆಗಳವು! ಒಂದು ಕಡೆ ನ್ಯಾಯಾಧೀಶರು, ಅಧಿಕಾರಿಗಳು, ಸುತ್ತಲೂ ಬಂದೂಕು ಹಿಡಿದ ಪಡೆ. ಇನ್ನೊಂದು ಕಡೆ ಹೆಗಲ ಮೇಲೆ ಕೊಡಲಿ ಇಟ್ಟುಕೊಂಡೇ ನಡೆಯುವ ಬೆಟ್ಟದ ಗಂಡಸರು, ಮಕ್ಕಳನ್ನು ಕಟ್ಟಿಕೊಂಡು ಬಂದ ಹೆಂಗಸರು. ಪೂಜೆಯ ಸ್ಥಳ ಗಣಿ ಪ್ರದೇಶದಿಂದ ದೂರವಿದೆಯಲ್ಲ ಎಂಬುದು ಗಣಿಯ ಪರವಾಗಿದ್ದವರ ವಾದ. ನಿಯಮರಾಜ ಒಂದು ಜಾಗದಲ್ಲಿ ಕುಳಿತ ದೇವರಲ್ಲ, ಇಡೀ ಬೆಟ್ಟವೇ ಅವನದು ಎಂಬುದು ಹಳ್ಳಿಗರ ಉತ್ತರ. ನಕ್ಷೆಯ ಮೇಲೆ ಒಂದಿಷ್ಟು ಹೆಕ್ಟೇರು ಗುರುತಿಸಿ ‘ಇಷ್ಟು ನಿಮ್ಮದು’ ಎಂದಾಗಲೂ ಅವರು ಒಪ್ಪಲಿಲ್ಲ. ನೀರು, ಹಣ್ಣು, ಔಷಧಿ, ಸೌದೆ ಎಲ್ಲವನ್ನೂ ಕೊಡುವ ಬೆಟ್ಟವನ್ನು ತುಂಡು ಮಾಡಿ ಅಳೆಯುವುದು ಹೇಗೆ ಎಂದು ಕೇಳಿದರು.

ಸೆರ್ಕಪಾಡಿ ಬೇಡ ಎಂದಿತು. ಮರುದಿನಗಳಲ್ಲಿ ಮತ್ತೊಂದು ಹಳ್ಳಿ, ಮಗುದೊಂದು ಹಳ್ಳಿ. ಬುಡಕಟ್ಟಿಗೆ ಸೇರದ ನೆರೆಯವರೂ ಅವರ ಜೊತೆ ಕೈ ಎತ್ತಿದರು. ಹನ್ನೆರಡಕ್ಕೆ ಹನ್ನೆರಡೂ ಸಭೆಗಳು ಒಮ್ಮತದಿಂದ ‘ಬೇಡ’ ಎಂದು ನಿರ್ಣಯ ಮಾಡಿದವು. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಯೋಜನೆಗೆ ಅನುಮತಿಯನ್ನು ಅಂತಿಮವಾಗಿ ನಿರಾಕರಿಸಿತು. ಸಭೆಗಳನ್ನು ಮತ್ತೆ ನಡೆಸಲು ಅವಕಾಶ ಕೋರಿ ರಾಜ್ಯದ ಗಣಿ ನಿಗಮ ಕೋರ್ಟಿಗೆ ಹೋದಾಗ, 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಅರ್ಜಿಯನ್ನು ಪುರಸ್ಕರಿಸಲಿಲ್ಲ.

ಕಥೆ ಇಲ್ಲಿಗೆ ಮುಗಿಯಿತೇ?

ಇಲ್ಲ. ‘ಬೆಟ್ಟ ಉಳಿಯಿತು, ಎಲ್ಲರೂ ಸುಖವಾಗಿದ್ದರು’ ಎಂದು ಮುಗಿಸಲು ಇದು ಅಜ್ಜಿಕಥೆಯಲ್ಲ.

ಗಣಿ ಬೇಕು ಎಂದವರ ಮಾತಿನಲ್ಲೂ ತೂಕವಿತ್ತು. ಬರ ಮತ್ತು ಹಸಿವಿಗೆ ಒಂದು ಕಾಲದಲ್ಲಿ ಕಾಳಹಂಡಿಯ ಹೆಸರನ್ನೇ ಉದಾಹರಣೆಯಾಗಿ ಹೇಳುತ್ತಿದ್ದರು. ಅಲ್ಲಿಗೆ ಕಾರ್ಖಾನೆ ಬಂದರೆ ಕೆಲಸ, ರಸ್ತೆ, ಆಸ್ಪತ್ರೆ ಬರುತ್ತದೆ ಎಂದು ಆಸೆಪಟ್ಟವರು ಆ ಜಿಲ್ಲೆಯಲ್ಲೇ ಇದ್ದರು. ದೇಶಕ್ಕೆ ಅಲ್ಯುಮಿನಿಯಂ ಬೇಕು ಎಂಬುದೂ ಸುಳ್ಳಲ್ಲ. ಮನೆಯ ಕಿಟಕಿ ಚೌಕಟ್ಟು, ಕುಕ್ಕರು, ವಿದ್ಯುತ್ ತಂತಿ, ಬಸ್ಸು, ರೈಲು, ವಿಮಾನ ಎಲ್ಲದರಲ್ಲೂ ಅದಿದೆ. ಬೆಟ್ಟದವರ ಪರವಾಗಿ ಮಾತನಾಡುವ ನಾವು ನಮ್ಮ ಅಡುಗೆಮನೆಯನ್ನು ಮರೆಯುವಂತಿಲ್ಲ. ಹಳೆಯ ಅಲ್ಯುಮಿನಿಯಂ ಕರಗಿಸಿ ಮತ್ತೆ ಬಳಸಿದರೆ ಅದಿರಿನಿಂದ ತೆಗೆಯುವಾಗಿನ ಶಕ್ತಿಯಲ್ಲಿ ಶೇಕಡಾ 5ರಷ್ಟು ಸಾಕು. ಸವೆದ ತಪ್ಪಲೆಯನ್ನು ಗುಜರಿಗೆ ಹಾಕುವುದೂ ಈ ಕಥೆಗೆ ಸಂಬಂಧಪಟ್ಟ ಕೆಲಸವೇ.

ಲಾಂಜಿಗಡದ ಸಂಸ್ಕರಣಾಗಾರ ಬೇರೆ ಕಡೆಗಳಿಂದ ಅದಿರು ತರಿಸಿಕೊಂಡು ನಡೆಯುತ್ತ ಬಂದಿದೆ; ಅದರ ಸಾಮರ್ಥ್ಯವೂ ಹೆಚ್ಚಿದೆ. ಹಸಿವು ದೊಡ್ಡದಾದಂತೆ ಹುಡುಕಾಟವೂ ದೊಡ್ಡದಾಗುತ್ತದೆ. 2023ರಲ್ಲಿ ಇದೇ ಸೀಮೆಯ ಸಿಜಿಮಾಲಿ ಬೆಟ್ಟದ ಬಾಕ್ಸೈಟ್ ಹರಾಜಿನಲ್ಲಿ ವೇದಾಂತ ಕಂಪನಿ ಮುಂದೆ ಬಂದಿತು. ಅಲ್ಲಿನ ಹಳ್ಳಿಗರು ಪ್ರತಿಭಟನೆಗಿಳಿದರು, ಬಂಧನಗಳಾದವು. ಗ್ರಾಮಸಭೆಗಳು ಸರಿಯಾಗಿ ನಡೆದಿವೆಯೇ ಎಂಬ ತಕರಾರು ಅಲ್ಲೂ ಎದ್ದಿತು. ಒಂದು ಬೆಟ್ಟದಲ್ಲಿ ಗೆದ್ದ ಹಕ್ಕು ಪಕ್ಕದ ಬೆಟ್ಟಕ್ಕೆ ತಾನಾಗಿ ನಡೆದುಹೋಗುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ನಮ್ಮ ನಾಡಿನಲ್ಲಿ

ಅರಣ್ಯ ಹಕ್ಕು ಕಾಯಿದೆಯ ಫಲ ಕರ್ನಾಟಕದಲ್ಲೂ ಕಾಣಿಸಿದೆ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯದ ಅರಣ್ಯ ಹಕ್ಕುಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಅದು ಮೊದಲು. ಜೇನು, ನೆಲ್ಲಿಕಾಯಿ ಸಂಗ್ರಹಿಸುವುದಕ್ಕೂ, ತಮ್ಮ ಕಾಡುದೇವರುಗಳ ತಾಣಗಳಿಗೆ ಹೋಗಿಬರುವುದಕ್ಕೂ ಕಾನೂನಿನ ಬಲ ಬಂತು. ನಿಯಮಗಿರಿಯವರು ತಡೆಯಬೇಕಾಗಿದ್ದುದು ಗಣಿಯನ್ನು. ಸೋಲಿಗರು ಪಡೆಯಬೇಕಾಗಿದ್ದುದು ಸ್ವಂತ ಕಾಡಿಗೆ ಪ್ರವೇಶವನ್ನು. ಎರಡೂ ಕಡೆ ಬಾಗಿಲು ತೆರೆದ ಕೀಲಿಕೈ ಮಾತ್ರ ಒಂದೇ – ಗ್ರಾಮಸಭೆ.

ನಮ್ಮಲ್ಲಿ ಗ್ರಾಮಸಭೆಯೆಂದರೆ ಮನೆ ಮಂಜೂರಾತಿಯ ಪಟ್ಟಿ ಓದುವ ಸಭೆ ಎಂಬ ಉದಾಸೀನವಿದೆ. ಎಷ್ಟೋ ಕಡೆ ಹಾಜರಾತಿಯೇ ಸಾಲುವುದಿಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳಿಗಾಗಿಯೇ ಗ್ರಾಮಸಭೆ ನಡೆಸುವ ಪದ್ಧತಿಯೂ ಇದೆ. ಮುಂದಿನ ಸಲ ಊರಿನಲ್ಲಿ ಡಂಗುರ ಸಾರಿದಾಗ ತಂದೆತಾಯಿಯರು ತಾವೂ ಹೋಗಲಿ, ಮಕ್ಕಳನ್ನೂ ಕರೆದೊಯ್ಯಲಿ. ಪೌರನೀತಿಯ ಪಾಠದಲ್ಲಿ ಎರಡು ಸಾಲಿನಲ್ಲಿ ಮುಗಿಯುವ ಆ ಸಭೆಗೆ ಎಷ್ಟು ಬಲವಿದೆ ಎಂಬುದು ಅಲ್ಲಿ ಕುಳಿತರೆ ತಿಳಿಯುತ್ತದೆ.

ನಿಯಮಗಿರಿಯಲ್ಲಿ ಫೆಬ್ರವರಿಯ ಹೊತ್ತಿಗೆ ನಿಯಮರಾಜನ ‘ಪರಬ’ ನಡೆಯುತ್ತದೆ. ಹಬ್ಬಕ್ಕೆ ಊರೂರಿನ ಡೊಂಗ್ರಿಯಾಗಳು ಬೆಟ್ಟ ಹತ್ತುತ್ತಾರೆ. ಅವರು ನಿಂತು ಕೈಮುಗಿಯುವ ನೆಲದಡಿಯಲ್ಲಿ ಆ 7 ಕೋಟಿ 20 ಲಕ್ಷ ಟನ್ ಬಾಕ್ಸೈಟ್ ಈಗಲೂ ಮಳೆನೀರು ಕುಡಿದು ಕುಳಿತಿದೆ.